ಮೂಲೆ ಮಟ್ಟವಿಲ್ಲದ ಸೈಟು, ಒಂದು ಟೇಪು ಮತ್ತು ಕೊಸೈನ್ ನಿಯಮ

ಬೆಂಗಳೂರಿನಲ್ಲಿ 'ಥರ್ಟಿ ಫಾರ್ಟಿ' ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 30 ಅಡಿ ಅಗಲ, 40 ಅಡಿ ಉದ್ದ, 1200 ಚದರ ಅಡಿ. ಈ ಅಳತೆಯ ಹೊಟ್ಟೆಯೊಳಗೆ ಒಂದು ಲೆಕ್ಕ ಕೂತಿದೆ. ನಾಲ್ಕೂ ಮೂಲೆ ಮಟ್ಟವಾಗಿದ್ದರೆ, ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಎಳೆದಾಗ ಬರುವುದು ಕರಾರುವಾಕ್ಕಾಗಿ 50 ಅಡಿ. 900ಕ್ಕೆ 1600 ಕೂಡಿಸಿದರೆ 2500, ಅದರ ವರ್ಗಮೂಲ 50. ಪಾಯಕ್ಕೆ ದಾರ ಕಟ್ಟುವಾಗ ಮೇಸ್ತ್ರಿಗಳು ಮೂರು, ನಾಲ್ಕು, ಐದು ಅಡಿ ಗುರುತು ಹಾಕಿ ಮೂಲೆ ನೋಡುತ್ತಾರಲ್ಲ, ಅದನ್ನೇ ಹತ್ತರಿಂದ ಗುಣಿಸಿದರೆ ಥರ್ಟಿ ಫಾರ್ಟಿ.

ಹಾಗಾದರೆ ಟೇಪು 50 ತೋರಿಸದೆ 48 ತೋರಿಸಿದರೆ? ಮೂಲೆ ಸೊಟ್ಟಗಿದೆ ಅಂತ ಮೇಸ್ತ್ರಿ ಹೇಳುತ್ತಾರೆ. ಎಷ್ಟು ಡಿಗ್ರಿ ಸೊಟ್ಟ ಅನ್ನುವುದನ್ನು ಪೈಥಾಗೊರಸ್ ಪ್ರಮೇಯ ಹೇಳುವುದಿಲ್ಲ. ಲಂಬಕೋನ ಇಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ಅಲ್ಲಿಂದ ಮುಂದಕ್ಕೆ ಕರೆದೊಯ್ಯುವುದು ಕೊಸೈನ್ ನಿಯಮ.

ನಾನು ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಈ ನಿಯಮವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಇದು ನನ್ನ ಕೈಗೆ ನಿಜವಾಗಿ ದಕ್ಕಿದ್ದು ಅಕ್ಕ-ಭಾವ ಊರಾಚೆ ಒಂದು ಆಡ್ ಸೈಟು ನೋಡಿ ಬಂದ ಮೇಲೆ. ನಾಲ್ಕು ಪಕ್ಕ, ನಾಲ್ಕೂ ಬೇರೆ ಬೇರೆ ಅಳತೆ: ರಸ್ತೆ ಕಡೆ 30 ಅಡಿ, ಬಲಗಡೆ 42, ಹಿಂದೆ 36, ಎಡಗಡೆ 40. ಬ್ರೋಕರ್ ಕೊಟ್ಟ ಚೀಟಿಯಲ್ಲಿ 1353 ಚದರ ಅಡಿ ಅಂತ ಬರೆದಿತ್ತು. ಆ ಸಂಖ್ಯೆ ಎಲ್ಲಿಂದ ಬಂತು, ಅದು ಯಾಕೆ ತಪ್ಪು ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಉಪಕರಣ ಕೈಗೆ ಬರಲಿ.

ಮೊದಲ ಹೆಜ್ಜೆ: ಹೆಸರಿಡುವುದು

ಅರ್ಧಕ್ಕರ್ಧ ತಪ್ಪು ಇಲ್ಲೇ ಹುಟ್ಟುತ್ತದೆ. ಕಾಗದದ ಮೇಲೆ ಒಂದು ತ್ರಿಭುಜ ಬರೆಯಿರಿ. ಅಂದಾಜಿಗೆ ಬರೆದರೆ ಸಾಕು, ಆದರೆ ಅಗಲ ಕೋನ ಅಗಲವಾಗಿಯೇ ಕಾಣಲಿ. ಮೂರು ಮೂಲೆಗೆ ಅ, ಬ, ಕ ಅಂತ ಹೆಸರು ಕೊಡಿ. ಆಗ ಬಾಹುಗಳು ಅಬ, ಬಕ, ಅಕ. ಗೊತ್ತಿರುವ ಅಳತೆಗಳನ್ನೆಲ್ಲ ಚಿತ್ರದ ಮೇಲೇ ಬರೆಯಿರಿ.

ನೆನಪಿಡಬೇಕಾದ್ದು ಒಂದೇ: ಅ ಕೋನದ ಎದುರಿಗಿರುವ ಬಾಹು ಬಕ. ಅಂದರೆ ಯಾವ ಬಾಹುವಿನ ಹೆಸರಲ್ಲಿ 'ಅ' ಇಲ್ಲವೋ ಅದು. ಅಬ ಮತ್ತು ಅಕ ಎರಡೂ ಅ ಮೂಲೆಯಿಂದಲೇ ಹೊರಡುತ್ತವೆ.

ಸೂತ್ರ

ಬಕ² = ಅಬ² + ಅಕ² − 2 × ಅಬ × ಅಕ × ಕಾಸ್ ಅ

ಇಲ್ಲಿ 'ಕಾಸ್ ಅ' ಅಂದರೆ ಅ ಕೋನದ ಕೊಸೈನ್, ಕೋನಕ್ಕೆ ತಕ್ಕ ಹಾಗೆ ಬದಲಾಗುವ ಒಂದು ಸಂಖ್ಯೆ. ಬಲಗಡೆಯ ಮೊದಲ ಎರಡು ಪದ ನೋಡಿ, ಅದು ಪೈಥಾಗೊರಸ್. ಉಳಿದದ್ದು ತಿದ್ದುಪಡಿ. ಸೂತ್ರವನ್ನು ಗಿಣಿಪಾಠ ಮಾಡಬೇಡಿ, 'ಪೈಥಾಗೊರಸ್, ಆಮೇಲೊಂದು ತಿದ್ದುಪಡಿ' ಅಂತ ಓದಿ ಅನ್ನುವುದು ನನ್ನ ಮಕ್ಕಳಿಗೆ ನಾನು ಹೇಳುವ ಮಾತು. ಕೋನ 90° ಆದರೆ ಕಾಸ್ ಸೊನ್ನೆ, ತಿದ್ದುಪಡಿ ಮಾಯ. ಕೋನ ಅದಕ್ಕಿಂತ ಕಿರಿದಾದರೆ ಕಾಸ್ ಧನ, ಹಾಗಾಗಿ ಪೈಥಾಗೊರಸ್ ಉತ್ತರದಿಂದ ಒಂದಷ್ಟು ಕಳೆಯುತ್ತದೆ. 90° ದಾಟಿದರೆ ಕಾಸ್ ಋಣ, ಕಳೆಯುವುದು ಕೂಡುವುದಾಗುತ್ತದೆ.

ಅಡಕತ್ತರಿ ನೆನಪಿಸಿಕೊಳ್ಳಿ. ಎರಡು ಹಿಡಿಗಳ ಉದ್ದ ಬದಲಾಗುವುದಿಲ್ಲ. ಬಾಯಿ ಅಗಲಿಸಿದಷ್ಟೂ ತುದಿಗಳ ನಡುವಿನ ದೂರ ಹೆಚ್ಚುತ್ತದೆ, ಮುಚ್ಚಿದಷ್ಟೂ ಕಡಿಮೆಯಾಗುತ್ತದೆ. ಪೂರ್ತಿ ಮುಚ್ಚಿದರೆ ಕೋನ 0°, ಕಾಸ್ 1. ಆಗ ಸೂತ್ರ ಎರಡು ಉದ್ದಗಳ ವ್ಯತ್ಯಾಸವನ್ನು ಕೊಡುತ್ತದೆ. ಪೂರ್ತಿ ಬಿಚ್ಚಿ ನೇರ ಮಾಡಿದರೆ 180°, ಕಾಸ್ −1. ಆಗ ಬರುವುದು ಮೊತ್ತ. ನಡುವಿನದೆಲ್ಲ ಈ ಎರಡರ ಮಧ್ಯೆ.

ಇದು ಯಾಕೆ ನಿಜ

ನಂಬಿಕೆಯ ಮೇಲೆ ಬಳಸುವವರು ಈ ಭಾಗ ದಾಟಿ ಹೋಗಬಹುದು. ಆದರೆ ಐದು ಸಾಲಿನ ಕೆಲಸ, ಒಮ್ಮೆ ಮಾಡಿ ನೋಡಿದರೆ ಸೂತ್ರ ಮರೆಯುವುದಿಲ್ಲ.

ಬ ಮೂಲೆಯಿಂದ ಅಕ ಬಾಹುವಿನ ಮೇಲೆ ಲಂಬ ಇಳಿಸಿ. ಅದು ತಾಕಿದ ಜಾಗ ಲ. ಈಗ ಒಂದು ಸೊಟ್ಟ ತ್ರಿಭುಜದ ಬದಲು ಎರಡು ಲಂಬಕೋನ ತ್ರಿಭುಜ ಸಿಕ್ಕವು.

ಎಡಗಡೆಯದರಲ್ಲಿ: ಬಲ² = ಅಬ² − ಅಲ²
ಬಲಗಡೆಯದರಲ್ಲಿ: ಬಕ² = ಬಲ² + ಲಕ², ಇಲ್ಲಿ ಲಕ = ಅಕ − ಅಲ
ಬಿಡಿಸಿದರೆ: ಬಕ² = ಅಬ² − ಅಲ² + ಅಕ² − 2 × ಅಕ × ಅಲ + ಅಲ²
ಅಲ² ಹೊಡೆದುಹೋಗಿ: ಬಕ² = ಅಬ² + ಅಕ² − 2 × ಅಕ × ಅಲ

ಲಂಬಕೋನ ತ್ರಿಭುಜದಲ್ಲಿ ಪಾರ್ಶ್ವ ಬಾಹುವನ್ನು ವಿಕರ್ಣದಿಂದ (ಲಂಬಕೋನದ ಎದುರಿನ ಬಾಹುವಿನಿಂದ) ಭಾಗಿಸಿದರೆ ಕಾಸ್ ಅಂತ ಎಸ್ಸೆಸ್ಸೆಲ್ಸಿಯಲ್ಲೇ ಓದಿದ್ದೇವೆ. ಅಂದರೆ ಅಲ = ಅಬ × ಕಾಸ್ ಅ. ಅದನ್ನು ಹಾಕಿದರೆ ಮುಗಿಯಿತು.

ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಎರಡನೇ ಪುಸ್ತಕದ 12 ಮತ್ತು 13ನೇ ಪ್ರಮೇಯಗಳಲ್ಲಿ ಹೇಳುವುದು ಈ ಕೊನೆಯ ಸಾಲನ್ನೇ, ಕಾಸ್ ಎಂಬ ಹೆಸರಿಲ್ಲದೆ. ವಿಶಾಲಕೋನಕ್ಕೊಂದು, ಲಘುಕೋನಕ್ಕೊಂದು ಅಂತ ಎರಡು ಪ್ರಮೇಯ ಬೇಕಾಯಿತು ಅವನಿಗೆ. ಋಣ ಸಂಖ್ಯೆ ಬಳಸುವ ನಮಗೆ ಒಂದೇ ಸಾಕು. ಫ್ರಾನ್ಸಿನಲ್ಲಿ ಇದನ್ನು ಸಮರ್ಕಂದದ ಗಣಿತಜ್ಞ ಅಲ್-ಕಾಶಿಯ ಹೆಸರಿನಿಂದ ಕರೆಯುತ್ತಾರೆ.

ಯಾವಾಗ ಇದು, ಯಾವಾಗ ಬೇರೆ

ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಗೊತ್ತಿದ್ದರೆ ಕೊಸೈನ್ ನಿಯಮ. ಮೂರೂ ಬಾಹು ಗೊತ್ತಿದ್ದರೂ ಕೊಸೈನ್ ನಿಯಮ. ಎರಡು ಕೋನ, ಒಂದು ಬಾಹು ಗೊತ್ತಿದ್ದರೆ ಸೈನ್ ನಿಯಮ (ಪ್ರತಿ ಬಾಹುವಿಗೂ ಅದರ ಎದುರಿನ ಕೋನದ ಸೈನ್‌ಗೂ ಒಂದೇ ಅನುಪಾತ ಅನ್ನುವುದು) ಸಲೀಸು, ಇದನ್ನು ಎಳೆದು ತರಬೇಡಿ. ಮೂರು ಕೋನ ಮಾತ್ರ ಗೊತ್ತಿದ್ದರೆ ಯಾವ ನಿಯಮವೂ ಸಹಾಯಕ್ಕೆ ಬರುವುದಿಲ್ಲ. ತ್ರಿಭುಜದ ಆಕಾರ ಗೊತ್ತು, ಗಾತ್ರ ಗೊತ್ತಿಲ್ಲ, ಅಷ್ಟೆ.

ಸೈನ್ ನಿಯಮಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಬ್ರಿಟಿಷ್ ಸೈನ್ಯದ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮೂರಿನ ಬಳಿ ಸರಪಳಿ ಹಿಡಿದು ಒಂದು ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದನ್ನು ಅಳೆದು ಶುರುಮಾಡಿದ್ದು ಮುಂದೆ ಇಡೀ ದೇಶದ ಮಹಾ ತ್ರಿಕೋನಮಿತಿ ಸರ್ವೆಯಾಯಿತು. ಅವರ ಕಷ್ಟ ಏನೆಂದರೆ ನೆಲದ ಮೇಲೆ ಉದ್ದ ಅಳೆಯುವುದು ಸಾಹಸ, ಥಿಯೊಡೊಲೈಟ್ ಇಟ್ಟು ಕೋನ ನೋಡುವುದು ಅದಕ್ಕಿಂತ ಸುಲಭ. ಹಾಗಾಗಿ ಒಂದು ರೇಖೆ ಅಳೆದು, ಮಿಕ್ಕದ್ದೆಲ್ಲ ಕೋನಗಳಿಂದ ಲೆಕ್ಕ. ಅಲ್ಲಿ ಮುಖ್ಯ ಕೆಲಸಗಾರ ಸೈನ್ ನಿಯಮ. ಸೈಟಿನ ಮುಂದೆ ನಿಂತ ನಮ್ಮ ಸ್ಥಿತಿ ಪೂರಾ ಉಲ್ಟಾ. ಕೈಯಲ್ಲಿ ನೂರಡಿ ಟೇಪು ಇದೆ, ಕೋನ ಅಳೆಯುವ ಯಂತ್ರ ಇಲ್ಲ. ಬಾಹುಗಳು ಸುಲಭ, ಕೋನ ಕಷ್ಟ. ಟೇಪು ಹಿಡಿದವನ ನಿಯಮ ಕೊಸೈನ್ ನಿಯಮ.

ಎರಡು ಬಾಹು, ನಡುವಿನ ಕೋನ

ಸೌತ್ ಎಂಡ್ ಸರ್ಕಲ್‌ನಂಥ, ಹಲವು ರಸ್ತೆ ಕೂಡುವ ಜಾಗ ಅಂದುಕೊಳ್ಳಿ. ಅಂಕಿಗಳು ನನ್ನವು. ಒಂದು ರಸ್ತೆಯಲ್ಲಿ 500 ಮೀಟರ್ ಹೋದರೆ ನಿಮ್ಮ ಮನೆ, ಇನ್ನೊಂದರಲ್ಲಿ 800 ಮೀಟರ್ ಹೋದರೆ ಗೆಳೆಯನ ಮನೆ. ರಸ್ತೆಗಳ ನಡುವೆ 60°. ಎರಡು ಮನೆಗಳ ನೇರ ದೂರ ಎಷ್ಟು?

ಸರ್ಕಲ್ ಅ, ನಿಮ್ಮ ಮನೆ ಬ, ಗೆಳೆಯನದು ಕ.

ಬಕ² = 500² + 800² − 2 × 500 × 800 × ಕಾಸ್ 60°
= 2,50,000 + 6,40,000 − 8,00,000 × 0.5
= 8,90,000 − 4,00,000
= 4,90,000

ಬಕ = 700 ಮೀಟರ್.

ಇಲ್ಲಿ ಮಕ್ಕಳು ಮಾಡುವ ತಪ್ಪು ಒಂದೇ ಬಗೆಯದು. 8,90,000ದಿಂದ 8,00,000 ಕಳೆದು, ಉಳಿದ 90,000ವನ್ನು 0.5ರಿಂದ ಗುಣಿಸುತ್ತಾರೆ. ಕಾಸ್ ಗುಣಿಸಬೇಕಾದ್ದು ಕೊನೆಯ ಪದವನ್ನು ಮಾತ್ರ. ಮಕ್ಕಳು ಮಾಡಿದ ಹಾಗೆ ಮಾಡಿದರೆ 45,000, ವರ್ಗಮೂಲ 212. ಉತ್ತರ ನೋಡಿದ ಕೂಡಲೇ ಅನುಮಾನ ಬರಬೇಕು: 500 ಮತ್ತು 800ರ ವ್ಯತ್ಯಾಸವೇ 300, ಮೂರನೇ ಬಾಹು ಅದಕ್ಕಿಂತ ಚಿಕ್ಕದಿರಲು ಸಾಧ್ಯವೇ ಇಲ್ಲ.

ಎರಡನೇ ತಪ್ಪು ಇನ್ನೂ ಕಳ್ಳ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿಲ್ಲದೆ ರೇಡಿಯನ್‌ನಲ್ಲಿದ್ದರೆ (ಕೋನ ಅಳೆಯುವ ಇನ್ನೊಂದು ಮಾನ) ಕಾಸ್ 60 ಅಂದಾಗ −0.952 ಕೊಡುತ್ತದೆ, ದೂರ 1285 ಮೀಟರ್ ಬರುತ್ತದೆ. ಇದು 300ಕ್ಕಿಂತ ಹೆಚ್ಚು, 1300ಕ್ಕಿಂತ ಕಡಿಮೆ. ಮೇಲಿನ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ! ಹಿಡಿಯಲು ಇನ್ನೊಂದು ಜರಡಿ ಬೇಕು. ಕೋನ 90° ಇದ್ದಿದ್ದರೆ ದೂರ 8,90,000ದ ವರ್ಗಮೂಲ, ಸುಮಾರು 943. ನಮ್ಮದು 60°, ಅಂದಮೇಲೆ ಉತ್ತರ 943ಕ್ಕಿಂತ ಕಡಿಮೆ ಇರಲೇಬೇಕು. ಪ್ರತಿಸಲ ಈ ಪೈಥಾಗೊರಸ್ ಉತ್ತರವನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಕ್ಯಾಲ್ಕುಲೇಟರ್ ಕೈಗೆ ಬಂದ ತಕ್ಷಣ ಕಾಸ್ 60 ಒತ್ತಿ 0.5 ಬರುತ್ತದಾ ನೋಡುವುದನ್ನೂ ರೂಢಿ ಮಾಡಿಕೊಳ್ಳಿ.

ಈಗ ಕೋನ ಬದಲಿಸೋಣ. ರಸ್ತೆಗಳ ನಡುವೆ 120°, ಒಂದು ಮನೆ 300 ಮೀಟರ್, ಇನ್ನೊಂದು 500. ಕಾಸ್ 120° = −0.5.

90,000 + 2,50,000 + 1,50,000 = 4,90,000. ಮತ್ತೆ 700!

ಕಾಕತಾಳೀಯ ಅಲ್ಲ. ಮೊದಲ ತ್ರಿಭುಜದ 60° ಮೂಲೆಯಿಂದ 500ರ ಸಮಬಾಹು ತ್ರಿಭುಜ ಕತ್ತರಿಸಿ ತೆಗೆದರೆ ಉಳಿಯುವ ತುಂಡೇ ಎರಡನೆಯದು. 800ರಲ್ಲಿ 500 ಹೋಗಿ 300 ಉಳಿಯಿತು. ಕಾಗದದಲ್ಲಿ ಕತ್ತರಿಸಿ ನೋಡಿ, ನನಗಂತೂ ಇದು ಪ್ರತಿವರ್ಷವೂ ಖುಷಿ ಕೊಡುತ್ತದೆ.

ಇದೇ ಅಂಕಿಗಳು ಇನ್ನೊಂದು ಎಚ್ಚರಿಕೆಯನ್ನೂ ಕಲಿಸುತ್ತವೆ. ಕೋನ 60°, ಅದರ ಒಂದು ಪಕ್ಕದ ಬಾಹು 8, ಎದುರಿನದು 7, ಇನ್ನೊಂದು ಗೊತ್ತಿಲ್ಲ, ಅದು ಕ್ಷ ಅಂದುಕೊಳ್ಳಿ. ಕೋನ ಎರಡು ಗೊತ್ತಿರುವ ಬಾಹುಗಳ ನಡುವೆ ಇಲ್ಲ ಅನ್ನುವುದನ್ನು ಗಮನಿಸಿ. ಸೂತ್ರಕ್ಕೆ ಹಾಕಿದರೆ 49 = 64 + ಕ್ಷ² − 8ಕ್ಷ, ಅಂದರೆ ಕ್ಷ² − 8ಕ್ಷ + 15 = 0. ಉತ್ತರ 3 ಕೂಡ ಹೌದು, 5 ಕೂಡ ಹೌದು. ಎರಡು ಬೇರೆ ಬೇರೆ ತ್ರಿಭುಜ, ಎರಡೂ ಸರಿ. ಇಂಥ ಕಡೆ ಒಂದು ಉತ್ತರ ಬರೆದು ಪೆನ್ನು ಮುಚ್ಚಿದರೆ ಅರ್ಧ ಅಂಕ ಹೋಯಿತು.

ಮೂರು ಬಾಹು ಗೊತ್ತು, ಕೋನ ಬೇಕು

ಸೂತ್ರವನ್ನು ತಿರುಗಿಸಿ:

ಕಾಸ್ ಅ = (ಅಬ² + ಅಕ² − ಬಕ²) ÷ (2 × ಅಬ × ಅಕ)

ಕೋನದ ಪಕ್ಕದ ಎರಡು ವರ್ಗ ಕೂಡಿ, ಎದುರಿನದನ್ನು ಕಳೆಯಿರಿ. ಪಕ್ಕದ ಎರಡನ್ನು ಗುಣಿಸಿ ದುಪ್ಪಟ್ಟು ಮಾಡಿ, ಅದರಿಂದ ಭಾಗಿಸಿ. ಬಂದ ಸಂಖ್ಯೆಗೆ ಕಾಸ್ ಇನ್ವರ್ಸ್ ಒತ್ತಿದರೆ ಕೋನ. ಫೋನಿನ ಕ್ಯಾಲ್ಕುಲೇಟರ್ ಅಡ್ಡ ತಿರುಗಿಸಿದರೆ ಬಹುತೇಕ ಫೋನುಗಳಲ್ಲಿ ಈ ಬಟನ್‌ಗಳು ಕಾಣಿಸುತ್ತವೆ. ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಲೆಕ್ಕ ಹಾಕಿ ಬರೆದುಕೊಂಡು ಆಮೇಲೆ ಭಾಗಿಸಿ. ಒಂದೇ ಉಸಿರಿಗೆ ಒತ್ತಲು ಹೋದರೆ ಆವರಣ ತಪ್ಪುತ್ತದೆ.

ನಮ್ಮ ಥರ್ಟಿ ಫಾರ್ಟಿಗೆ ವಾಪಸ್ ಬರೋಣ. ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗಿನ ಅಳತೆ, 48 ಅಡಿ ಬಂದರೆ:

(900 + 1600 − 2304) ÷ 2400 = 196 ÷ 2400 = 0.0817, ಕೋನ 85.3°.

52 ಅಡಿ ಬಂದರೆ ಮೇಲೆ −204, ಕಾಸ್ −0.085, ಕೋನ 94.9°. ಎರಡು ಅಡಿ ಅತ್ತಿತ್ತ ಆದರೆ ಮೂಲೆ ಸುಮಾರು ಐದು ಡಿಗ್ರಿ ಸೊಟ್ಟ.

ಮೂರೂ ಕೋನ ಬೇಕಿದ್ದರೆ ಮೊದಲು ಅತಿ ಉದ್ದದ ಬಾಹುವಿನ ಎದುರಿನ ಕೋನ ಹುಡುಕಿ. ವಿಶಾಲಕೋನ ಇದ್ದರೆ ಅದು ಅಲ್ಲೇ ಇರಬೇಕು, ಋಣ ಕಾಸ್ ಬಂದು ತಾನೇ ಹೇಳುತ್ತದೆ. ಆಮೇಲೆ ಉಳಿದವಕ್ಕೆ ಸೈನ್ ನಿಯಮ ಬಳಸಿದರೂ ಅಪಾಯವಿಲ್ಲ, ಅವೆರಡೂ ಲಘುಕೋನಗಳೇ. ಮೊದಲೇ ಸೈನ್‌ಗೆ ಹೋದರೆ ಅದು 60°ಗೂ 120°ಗೂ ಒಂದೇ ಬೆಲೆ ಹೇಳಿ ದಾರಿ ತಪ್ಪಿಸುತ್ತದೆ. ಕಾಸ್‌ಗೆ ಆ ಕಪಟ ಇಲ್ಲ. ಮೂರನೇ ಕೋನವನ್ನು 180ರಿಂದ ಕಳೆದು ತೆಗೆಯುವ ಬದಲು ಅದನ್ನೂ ಲೆಕ್ಕ ಹಾಕಿ, ಆಮೇಲೆ ಮೂರನ್ನೂ ಕೂಡಿ ನೋಡಿ. 180 ಬರದಿದ್ದರೆ ತಪ್ಪು ಎಲ್ಲೋ ಇದೆ ಅಂತ ಮನೆಯಲ್ಲೇ ಗೊತ್ತಾಗುತ್ತದೆ.

ಕ್ಯಾಲ್ಕುಲೇಟರ್ 'ಎರರ್' ಅಂದರೆ ಗಾಬರಿ ಬೇಡ. 20, 30, 55 ಅಂತ ಕೊಟ್ಟು ನೋಡಿ, ಕಾಸ್ −1.4375 ಬರುತ್ತದೆ. ಕಾಸ್ 1 ಮತ್ತು −1ರ ನಡುವೆಯೇ ಇರಬೇಕು. 20 ಮತ್ತು 30 ಸೇರಿಸಿದರೂ 55 ಮುಟ್ಟುವುದಿಲ್ಲ, ಅಂಥ ತ್ರಿಭುಜವೇ ಇಲ್ಲ. ಟೇಪು ಓದಿದವರನ್ನು ಕೇಳಿ.

ಮನೆಯಿಂದಲೇ ಅಭ್ಯಾಸ ಮಾಡಬೇಕಿದ್ದರೆ ಕೆಂಪೇಗೌಡರ ನಾಲ್ಕು ಗೋಪುರಗಳಿವೆ: ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ ಕೆರೆ, ಹಲಸೂರು, ಮೇಖ್ರಿ ಸರ್ಕಲ್. ಯಾವುದಾದರೂ ಮೂರನ್ನು ಆರಿಸಿ, ಫೋನಿನ ಮ್ಯಾಪಿನಲ್ಲಿ ನೇರ ದೂರ ಅಳೆಯುವ ಸೌಲಭ್ಯದಿಂದ ಮೂರು ಬಾಹು ತೆಗೆದು, ಕೋನಗಳನ್ನು ಹುಡುಕಿ. ಇಷ್ಟು ಕಿರಿದಾದ ದೂರಕ್ಕೆ ಭೂಮಿ ದುಂಡಗಿರುವುದರ ಚಿಂತೆ ಬೇಡ.

ಭಾಸ್ಕರಾಚಾರ್ಯರ 'ಭೂಮಿ'

1150ರಲ್ಲಿ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲಿ ತ್ರಿಭುಜದ ಪಾದಕ್ಕೆ 'ಭೂಮಿ' ಅಂತಲೇ ಹೆಸರು. ಸೈಟು ನೋಡುವವರಿಗೆ ಸರಿಯಾದ ಪದ. ಮೇಲಿನಿಂದ ಇಳಿಸಿದ ಲಂಬ ಭೂಮಿಯನ್ನು ಎರಡು ತುಂಡು ಮಾಡುತ್ತದೆ, ಆ ತುಂಡುಗಳು 'ಆಬಾಧೆ'. ನಮ್ಮ ಸಾಧನೆಯಲ್ಲಿ ಅಲ ಮತ್ತು ಲಕ ಅಂತ ಕರೆದವೇ ಅವು. ಅವರ ವಿಧಾನ ಹೀಗೆ: ಎರಡು ಭುಜಗಳ ಮೊತ್ತವನ್ನು ವ್ಯತ್ಯಾಸದಿಂದ ಗುಣಿಸಿ, ಭೂಮಿಯಿಂದ ಭಾಗಿಸಿ. ಬಂದದ್ದನ್ನು ಭೂಮಿಗೆ ಒಮ್ಮೆ ಕೂಡಿ, ಒಮ್ಮೆ ಕಳೆದು, ಅರ್ಧ ಮಾಡಿ.

ಅವರ ಉದಾಹರಣೆಯಲ್ಲಿ ಭೂಮಿ 'ಮನು'ವಿನಷ್ಟು, ಅಂದರೆ 14. ಭುಜಗಳು 13 ಮತ್ತು 'ತಿಥಿ'ಯಷ್ಟು, ಅಂದರೆ 15. 28 × 2 ÷ 14 = 4. ಆಬಾಧೆಗಳು 9 ಮತ್ತು 5. ಲಂಬ 12, ವಿಸ್ತೀರ್ಣ 84. ಕೊಸೈನ್ ನಿಯಮದಲ್ಲಿ 13 ಮತ್ತು 14ರ ನಡುವಿನ ಕೋನಕ್ಕೆ 140 ÷ 364. ಅದು 5 ÷ 13ಕ್ಕೆ ಸಮ. ಆಬಾಧೆಯನ್ನು ಭುಜದಿಂದ ಭಾಗಿಸಿದರೆ ಕಾಸ್, ಬೇರೆ ಏನೂ ಅಲ್ಲ.

ನನಗೆ ಇಷ್ಟವಾಗುವುದು ಅವರ ಮುಂದಿನ ಉದಾಹರಣೆ: ಭುಜ 10 ಮತ್ತು 17, ಭೂಮಿ 9. 27 × 7 ÷ 9 = 21. ಭೂಮಿಗೆ ಕೂಡಿ ಅರ್ಧ ಮಾಡಿದರೆ 15. ಭೂಮಿಯಿಂದ ಕಳೆದರೆ? 9ರಲ್ಲಿ 21 ಹೋಗುವುದಿಲ್ಲ. ಅವರು ಹೆದರಲಿಲ್ಲ, ಆಬಾಧೆ ಋಣ, −6, ಅಂದರೆ ಲಂಬ ಭೂಮಿಯ ಹೊರಗೆ, ಎದುರು ದಿಕ್ಕಿನಲ್ಲಿ ಬೀಳುತ್ತದೆ ಅಂದರು. ಲಂಬ 8, ವಿಸ್ತೀರ್ಣ 36. ನಮ್ಮ ನಿಯಮದಲ್ಲಿ 10 ಮತ್ತು 9ರ ನಡುವೆ (100 + 81 − 289) ÷ 180 = −0.6, ಕೋನ 126.87°. 'ಕಾಸ್ ಋಣ ಬಂದುಬಿಡ್ತು, ತಪ್ಪಾಯ್ತಾ ಮಿಸ್?' ಅಂತ ಕೇಳುವ ಮಕ್ಕಳಿಗೆ ನಾನು ಈ ಚಿತ್ರ ಬರೆದು ತೋರಿಸುತ್ತೇನೆ. ಲಂಬವನ್ನು ಕಾಂಪೌಂಡಿನ ಆಚೆ ಇಳಿಸಿದ್ದೀವಿ, ಅಷ್ಟೆ.

ಈಗ ಆಡ್ ಸೈಟು

ಮೂಲೆಗಳು ಅ, ಬ, ಕ, ಡ. ಅಬ (ರಸ್ತೆ ಕಡೆ) 30, ಬಕ 42, ಕಡ 36, ಡಅ 40.

ಬ್ರೋಕರ್ ಮಾಡಿದ್ದು ಸರಾಸರಿ. ಎದುರು ಬದುರಿನ 30 ಮತ್ತು 36ಕ್ಕೆ 33, 42 ಮತ್ತು 40ಕ್ಕೆ 41. 33 × 41 = 1353. ಬಹಳ ಕಡೆ ಹೀಗೇ ಮಾಡುತ್ತಾರೆ. ತೊಂದರೆ ಏನೆಂದರೆ, ನಾಲ್ಕು ಬಾಹು ಗೊತ್ತಾದ ಮಾತ್ರಕ್ಕೆ ಚತುರ್ಭುಜ ಗೊತ್ತಾಗುವುದಿಲ್ಲ. ಬಡಗಿಗಳು ಬಾಗಿಲ ಚೌಕಟ್ಟು ಸಾಗಿಸುವಾಗ ಅಡ್ಡಡ್ಡ ಒಂದು ರೀಪು ಹೊಡೆದಿರುತ್ತಾರೆ ನೋಡಿ, ಅದಿಲ್ಲದಿದ್ದರೆ ಚೌಕಟ್ಟು ವಾಲುತ್ತದೆ, ಮರದ ಉದ್ದ ಒಂದಿಂಚೂ ಬದಲಾಗದೆ. ಸೈಟಿಗೂ ಆ ಅಡ್ಡ ರೀಪು ಬೇಕು, ಅದೇ ಕರ್ಣ.

ಭಾವನನ್ನು ಇನ್ನೊಮ್ಮೆ ಕರೆದುಕೊಂಡು ಹೋದೆ. ಅವರ ಮೇಸ್ತ್ರಿಯೂ ಬಂದಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರು 'ಮೂಲೆಯಿಂದ ಮೂಲೆಗೆ ಹಿಡೀರಿ ಸಾರ್, ಅದಿಲ್ದೆ ಏನೂ ಹೇಳಕ್ಕಾಗಲ್ಲ' ಅಂದರು. ಅಕ ಕರ್ಣ 46 ಅಡಿ ಬಂತು. ಸೈಟು ಎರಡು ತ್ರಿಭುಜವಾಯಿತು. ತ್ರಿಭುಜದ ಎರಡು ಬಾಹುಗಳನ್ನು ಅವುಗಳ ನಡುವಿನ ಕೋನದ ಸೈನ್ ಜೊತೆ ಗುಣಿಸಿ ಅರ್ಧ ಮಾಡಿದರೆ ಅದರ ವಿಸ್ತೀರ್ಣ.

ತ್ರಿಭುಜ ಅಬಕ: ಬಾಹು 30, 42, 46.
ಕಾಸ್ ಬ = (900 + 1764 − 2116) ÷ 2520 = 548 ÷ 2520 = 0.2175
ಬ ಕೋನ 77.44°, ಅದರ ಸೈನ್ 0.9761
ವಿಸ್ತೀರ್ಣ = ½ × 30 × 42 × 0.9761 = 614.9 ಚದರ ಅಡಿ

ತ್ರಿಭುಜ ಅಕಡ: ಬಾಹು 46, 36, 40.
ಕಾಸ್ ಡ = (1296 + 1600 − 2116) ÷ 2880 = 780 ÷ 2880 = 0.2708
ಡ ಕೋನ 74.29°, ಅದರ ಸೈನ್ 0.9626
ವಿಸ್ತೀರ್ಣ = ½ × 36 × 40 × 0.9626 = 693.1 ಚದರ ಅಡಿ

ಒಟ್ಟು 1308. ಬ್ರೋಕರ್ ಚೀಟಿಗಿಂತ 45 ಚದರ ಅಡಿ ಕಡಿಮೆ. ಐದು ಅಡಿಗೆ ಒಂಬತ್ತು ಅಡಿ, ಒಂದು ಬಚ್ಚಲುಮನೆಯಷ್ಟು ಜಾಗ ಕಾಗದದ ಮೇಲೆ ಮಾತ್ರ ಇತ್ತು. ಚದರ ಅಡಿಯ ರೇಟಿನಿಂದ ಗುಣಿಸಿದಾಗ ಆ ಕಾಸ್ ನಿಜವಾದ ಕಾಸೇ ಆಯಿತು.

ಸರಾಸರಿ ವಿಧಾನ ಯಾವತ್ತೂ ಹೆಚ್ಚಿಗೆಯೇ ತೋರಿಸುತ್ತದೆ, ಕಡಿಮೆ ತೋರಿಸುವುದಿಲ್ಲ. ಕಾರಣ ಸರಳ. ಸರಾಸರಿಗಳ ಗುಣಲಬ್ಧ ಬಿಡಿಸಿದರೆ ಅಕ್ಕಪಕ್ಕದ ಬಾಹುಗಳ ನಾಲ್ಕು ಜೋಡಿಯ ಗುಣಲಬ್ಧ ಕೂಡಿ ನಾಲ್ಕರಿಂದ ಭಾಗಿಸಿದಂತೆ. ನಿಜವಾದ ವಿಸ್ತೀರ್ಣವೂ ಹಾಗೆಯೇ, ಆದರೆ ಪ್ರತಿ ಜೋಡಿಗೂ ಆ ಮೂಲೆಯ ಸೈನ್ ಗುಣಿಸಿರುತ್ತದೆ. ಸೈನ್ 1ನ್ನು ಮೀರುವುದಿಲ್ಲ. ನಾಲ್ಕೂ ಮೂಲೆ 90° ಆದಾಗ ಮಾತ್ರ ಎರಡೂ ಸಮ. ಮಾರುವವರಿಗೆ ಈ ವಿಧಾನ ಪ್ರಿಯವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಟೇಪಿನ ಕಡೆಯ ಎಚ್ಚರಿಕೆ

46 ಅಡಿ 6 ಇಂಚು ಅಂದರೆ 46.5, 46.6 ಅಲ್ಲ. ಇಂಚನ್ನು 12ರಿಂದ ಭಾಗಿಸಿ. ಟೇಪು ಜೋತು ಬಿದ್ದರೆ ಅಳತೆ ಹೆಚ್ಚು ಬರುತ್ತದೆ, ಬಿಗಿಯಾಗಿ ಹಿಡಿಯಿರಿ. ನೆಲ ಇಳಿಜಾರಿದ್ದರೆ ಟೇಪನ್ನು ಇಳಿಜಾರಿನ ಜೊತೆ ಇಳಿಸದೆ ಮಟ್ಟವಾಗಿ ಹಿಡಿಯಬೇಕು.

ಒಂದು ಇಂಚು ತಪ್ಪಿದರೆ ಎಷ್ಟು ನಷ್ಟ? ಥರ್ಟಿ ಫಾರ್ಟಿಯ ಕರ್ಣದಲ್ಲಿ ಇಂಚು ತಪ್ಪಿದರೆ ಮೂಲೆಯಲ್ಲಿ 0.2° ತಪ್ಪು. 40 ಅಡಿ ಆಚೆ ಗೂಟ ಒಂದೂಮುಕ್ಕಾಲು ಇಂಚಿನಷ್ಟು ಸರಿಯುತ್ತದೆ. ನಡೆಯುತ್ತದೆ. ಆದರೆ ತೀರಾ ಅಗಲಿಸಿದ, 175°ಯಂಥ ಕೋನಕ್ಕೆ ಎರಡೂ ಕಡೆ 40 ಅಡಿ ಹಿಡಿದು ಮೂರನೇ ಬಾಹುವಿನಲ್ಲಿ ಅದೇ ಇಂಚು ತಪ್ಪಿದರೆ ಎರಡು ಡಿಗ್ರಿಗೂ ಹೆಚ್ಚು ತಪ್ಪು ಬರುತ್ತದೆ. ಚಪ್ಪಟೆ ತ್ರಿಭುಜದಿಂದ ಕೋನ ತೆಗೆಯಬೇಡಿ. ಎರಡು ಕರ್ಣಗಳಲ್ಲಿ ದಪ್ಪನೆಯ ತ್ರಿಭುಜ ಕೊಡುವುದನ್ನೇ ಆರಿಸಿ.

ಕೊನೆಯದಾಗಿ ತಾಳೆ ನೋಡುವುದು. ಅಳೆಯದೇ ಬಿಟ್ಟ, ಬ ಮೂಲೆಯಿಂದ ಡ ಮೂಲೆಗಿನ 'ಬಡ' ಕರ್ಣವನ್ನು ಮೊದಲು ಲೆಕ್ಕದಲ್ಲಿ ಹುಡುಕಿ. ಅ ಮೂಲೆಯಲ್ಲಿ ಎರಡು ತ್ರಿಭುಜದ ಕೋನ 63.02° ಮತ್ತು 48.88°, ಸೇರಿ 111.9°. ಅದರ ಪಕ್ಕದ ಬಾಹುಗಳು 30 ಮತ್ತು 40.

ಬಡ² = 900 + 1600 + 2400 × 0.373 = 3395, ಬಡ = 58.27 ಅಡಿ, ಅಂದರೆ 58 ಅಡಿ 3 ಇಂಚು.

ಕ ಮೂಲೆಯ 96.37°ಯಿಂದ ಹೊರಟರೂ ಅದೇ ಬಂತು. ಈ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡು, ಯಾರಿಗೂ ಹೇಳದೆ, ಟೇಪಿನ ಆ ತುದಿ ಮೇಸ್ತ್ರಿ ಕೈಗೆ ಕೊಟ್ಟೆ. ಅವರು ಲಂಟಾನ ಸರಿಸಿ, ಮೂಲೆಕಲ್ಲಿನ ಮೇಲೆ ಟೇಪು ಒತ್ತಿ ಹಿಡಿದು ಕೂಗಿದರು: 'ಐವತ್ತೆಂಟು ಎರಡು ಸಾರ್... ಇಲ್ಲ ಇಲ್ಲ, ಎಳೀರಿ... ಐವತ್ತೆಂಟು ಮೂರು.'